ಬೇಸಿಗೆಯ ಮಿಷನ್ ಪ್ರವಾಸ: ಹಣ ಕಟ್ಟುವ ಮೊದಲು ಇದನ್ನು ಓದಿ

ಪ್ರತಿ ವರ್ಷ ಮಾರ್ಚ್ ಬಂತೆಂದರೆ ನಮ್ಮ ಕ್ರೈಸ್ತ ಸಭೆಯ ಸೂಚನಾ ಫಲಕದಲ್ಲಿ ಬಣ್ಣದ ಕರಪತ್ರವೊಂದು ಕಾಣಿಸಿಕೊಳ್ಳುತ್ತದೆ. ಮುಂಬೈಯಲ್ಲಿ ಇಪ್ಪತ್ತೊಂದು ದಿನ, ಕೊಳೆಗೇರಿಯ ಮಕ್ಕಳ ನಡುವೆ ಸೇವೆ, ಕಾಲೇಜು ವಿದ್ಯಾರ್ಥಿಗಳಿಗೆ ಮಾತ್ರ. ಕಳೆದ ವರ್ಷ ಅದನ್ನು ನೋಡಿ ಹೆಸರು ಕೊಟ್ಟವಳು ನಾನು. ನಡೆಸುವ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಅದೊಂದನ್ನು ಬಿಟ್ಟು ಅಂಥದ್ದೇ ಇನ್ನೊಂದಕ್ಕೆ ಹೆಸರು ಕೊಡುತ್ತೀರಿ, ಅಷ್ಟೆ.

ತಲೆಗೆ 18,500 ರೂಪಾಯಿ. ಅದನ್ನು ಮನೆಯಿಂದ ತರಬಾರದು, ಸಭೆಯವರಿಂದಲೇ ಎತ್ತಬೇಕು, ಅದೂ ವಿಶ್ವಾಸದ ಪರೀಕ್ಷೆಯಂತೆ. ಲಕೋಟೆಗಳನ್ನು ಅವರೇ ಅಚ್ಚು ಹಾಕಿಸಿ ಕೊಟ್ಟಿದ್ದರು. ನಮ್ಮ ಬೀದಿಯ ಅಜ್ಜಿಯೊಬ್ಬರು ಬೀಡಿಯ ಮಜೂರಿಯಲ್ಲಿ ಉಳಿಸಿದ ಐನೂರರ ನೋಟನ್ನು ಕೀರ್ತನೆ ಪುಸ್ತಕದ ಒಳಗಿನಿಂದ ತೆಗೆದು ಕೊಟ್ಟರು. ಎಷ್ಟು ಸಲ ಮಡಚಿದ್ದರೆಂದರೆ ಲಕೋಟೆಗೆ ಹಾಕುವ ಮೊದಲು ಅದನ್ನು ಬಿಡಿಸಿ ತೊಡೆಯ ಮೇಲಿಟ್ಟು ಸವರಬೇಕಾಯಿತು. ಒಟ್ಟು ಹಣವನ್ನು ನಾನು ಕಳುಹಿಸಿದ್ದು ಸಂಯೋಜಕರ ಸ್ವಂತ ಯುಪಿಐಗೆ. ಟ್ರಸ್ಟಿನ ಖಾತೆಗೆ ಏನೋ ತೊಂದರೆಯಿದೆ, ರಸೀದಿ ಆಮೇಲೆ ಬರುತ್ತದೆ ಎಂದಿದ್ದರು. ಇಂದಿಗೂ ಬಂದಿಲ್ಲ.

ನಾನು ಓದುತ್ತಿರುವುದು ಬಿ.ಕಾಂ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮಂಗಳೂರಿನಿಂದ ಮತ್ಸ್ಯಗಂಧ ರೈಲು ಹತ್ತಿ, ಬೆಳಗಿನ ಜಾವ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿದೆವು. ಬೇರೆ ಬೇರೆ ಊರುಗಳಿಂದ ಬಂದವರೂ ಸೇರಿ ಇಪ್ಪತ್ತಾರು ಜನ. ನಮ್ಮನ್ನು ಕರೆದೊಯ್ದದ್ದು ಗೋವಂಡಿ ಕಡೆಗೆ. ದೇವನಾರ್‌ನ ಕಸದ ಗುಡ್ಡ ಅಲ್ಲಿಯೇ ಇದೆ. 1927ರಿಂದ ನಗರ ತನ್ನ ಕಸವನ್ನು ತಂದು ಸುರಿಯುತ್ತಿರುವ ಜಾಗ. ಹುಡುಗಿಯರು ಹದಿನಾಲ್ಕು ಮಂದಿಗೆ ಗೋದಾಮಿನ ಮೇಲಿನ ಒಂದು ಹಾಲ್, ಒಂದು ಶೌಚಾಲಯ. ನಲ್ಲಿಯಲ್ಲಿ ನೀರು ಬರುತ್ತಿದ್ದುದು ಬೆಳಗಿನ ಜಾವ ಮುಕ್ಕಾಲು ಗಂಟೆ. ಇದನ್ನು ದೂರಾಗಿ ಹೇಳುತ್ತಿಲ್ಲ. ಅಲ್ಲಿನವರಿಗೆ ಅಷ್ಟೂ ಇಲ್ಲ, ಟ್ಯಾಂಕರ್ ನೀರಿಗೆ ದುಡ್ಡು ಕೊಡುತ್ತಾರೆ. ನನ್ನ ದೂರು ಬೇರೆ.

ಬಂದ ಸಂಜೆಯೇ ಎಲ್ಲರ ಮೊಬೈಲ್ ಮತ್ತು ಆಧಾರ್ ಕಾರ್ಡ್ ತೆಗೆದುಕೊಂಡು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಮೊಬೈಲ್ ಲೋಕದ ಕಡೆಗೆ ಸೆಳೆಯುತ್ತದೆ, ಆಧಾರ್ ಕಳೆದುಹೋಗುತ್ತದೆ ಎಂಬ ಕಾರಣ. ಭಾನುವಾರ ಮಧ್ಯಾಹ್ನ ಹತ್ತು ನಿಮಿಷ ಮನೆಗೆ ಮಾತನಾಡಬಹುದಿತ್ತು, ಪಕ್ಕದಲ್ಲಿ ಒಬ್ಬರು ನಿಂತಿರುತ್ತಿದ್ದರು. ಅಮ್ಮ "ಊಟ ಹೇಗಿದೆ?" ಎಂದರೆ "ಚೆನ್ನಾಗಿದೆ" ಎನ್ನುವುದು ಬಿಟ್ಟು ಬೇರೆ ದಾರಿಯೇ ಇರಲಿಲ್ಲ.

ತರಬೇತಿ ಎರಡು ದಿನ. ಅದರಲ್ಲಿ ಹಿಂದಿಗೆ ಒಂದು ಗಂಟೆ, ಐದು ವಾಕ್ಯ. ನಮ್ಮ ಕಡೆ ಸಂಡೇ ಸ್ಕೂಲಿನಿಂದಲೇ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಕಥೆ ಕೇಳಿ ಬೆಳೆದಿರುತ್ತೇವೆ. 1834ರಲ್ಲಿ ಮಂಗಳೂರಿಗೆ ಬಂದರು, 1843ರಲ್ಲಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ತಂದರು ಎಂದೆಲ್ಲ. ಕಿಟೆಲ್ 1853ರಲ್ಲಿ ಬಂದವರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ಆ ಜನ ದೇವದೂತರೇನಲ್ಲ, ಅವರ ಮೇಲೂ ಹೇಳುವುದಕ್ಕೆ ಬೇಕಾದಷ್ಟಿದೆ. ಆದರೂ ಊರಿನ ಮಾತು ಕಲಿಯದೆ ಊರಿಗೆ ಉಪದೇಶ ಮಾಡಲು ಹೊರಡಲಿಲ್ಲ. ನಾವು ಐದು ವಾಕ್ಯದಲ್ಲಿ ಹೊರಟೆವು.

ಮೂರನೆಯ ದಿನ ಸಂಜೆ ಒಂದು ಗಲ್ಲಿಯ ಕೊನೆಯಲ್ಲಿ ಟಾರ್ಪಾಲು ಹಾಸಿ ಮಕ್ಕಳನ್ನು ಕೂರಿಸಿದೆವು. ನನ್ನ ಕೈಯಲ್ಲಿ ಟ್ಯಾಂಬರಿನ್, ಅದೇ, ಅಲ್ಲಾಡಿಸಿದರೆ ಝಲ್ ಎನ್ನುವುದು. ಅಭಿನಯದ ಹಾಡಿನ ಮೊದಲ ಸಾಲು ಎತ್ತಿದೆ. ಎರಡನೆಯ ಸಾಲನ್ನು ನಾನು ಹೇಳಿಕೊಡುವ ಮೊದಲೇ ಮಕ್ಕಳು ಹಾಡಿದರು. ಮೂರನೆಯದನ್ನೂ. ಕೈ ಎಲ್ಲಿ ಎತ್ತಬೇಕು, ಎಲ್ಲಿ ತಿರುಗಬೇಕು ಎಂಬುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಸುಮಾರು ಆರು ವರ್ಷದ ಒಬ್ಬಳು ನನ್ನ ಎಡಗೈ ತಪ್ಪಿದ್ದನ್ನು ನೋಡಿ ಹಿಡಿದು ಸರಿಮಾಡಿದಳು. ಹಾಡು ಮುಗಿದ ಕೂಡಲೇ, ಯಾರೂ ಹೇಳದೆ, ಎತ್ತರದವರು ಹಿಂದೆ, ಗಿಡ್ಡವರು ಮುಂದೆ ಸಾಲಾಗಿ ನಿಂತು ಕ್ಯಾಮೆರಾ ಕಡೆಗೆ ನಕ್ಕರು.

ಆಮೇಲೆ ನಮ್ಮ ತಂಡವನ್ನು ನಡೆಸುತ್ತಿದ್ದ ಬ್ರದರ್ ಮುಂದೆ ಬಂದು, ಯೇಸುವನ್ನು ಹೃದಯಕ್ಕೆ ಬರಮಾಡಿಕೊಳ್ಳುವವರು ಕೈ ಎತ್ತಿ ಎಂದರು. ಎಲ್ಲ ಕೈಗಳೂ ಮೇಲೆ. ಬಿಸ್ಕತ್ತಿನ ಡಬ್ಬಿ ಅವರ ಕಾಲಿನ ಬಳಿಯೇ ಇತ್ತು. ಪುಸ್ತಕದಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು, ವಾಣಿಜ್ಯದ ವಿದ್ಯಾರ್ಥಿನಿ ಎಂದು. ನಲವತ್ತಮೂರು ಎಂದು ಬರೆದೆ. ಮರುದಿನ ಅದೇ ಗಲ್ಲಿ, ಅದೇ ಮಕ್ಕಳು, ನಲವತ್ತೊಂದು. ಹನ್ನೆರಡು ದಿನ ಹೀಗೆಯೇ. ಕೊನೆಗೆ ದಾನಿಗಳಿಗೆ ಹೋದ ವರದಿಯಲ್ಲಿ ಐನೂರಕ್ಕೂ ಹೆಚ್ಚು ಮಕ್ಕಳು ಎಂದಿತ್ತು. ಕೂಡಿಸುವ ಲೆಕ್ಕ ಸರಿಯಾಗಿಯೇ ಇದೆ. ಆದರೆ ನಾನು ಕಂಡ ಮುಖಗಳು ಐವತ್ತನ್ನು ದಾಟಲಿಲ್ಲ.

ಗಲ್ಲಿಯಲ್ಲಿ ಕಲಬುರಗಿ ಕಡೆಯ ಒಬ್ಬ ಅಜ್ಜಿ ಇದ್ದರು. ಕಟ್ಟಡದ ಕೆಲಸಕ್ಕೆಂದು ಗಂಡನ ಜೊತೆ ಬಂದು ಅಲ್ಲಿಯೇ ಮುದುಕಿಯಾದವರು. ನಾನು ಗೆಳತಿಯೊಂದಿಗೆ ಕನ್ನಡ ಮಾತನಾಡಿದ್ದನ್ನು ಕೇಳಿ, "ಯಾವ ಊರು ತಾಯಿ?" ಎಂದು ಕರೆದು ಕೂರಿಸಿಕೊಂಡರು. ನನ್ನ ಎಡಗೈ ತಿದ್ದಿದವಳು ಅವರ ಮೊಮ್ಮಗಳೇ. ನಾವು ಆ ವರ್ಷ ಬಂದ ಮೂರನೆಯ ತಂಡವಂತೆ. "ಎಲ್ಲರೂ ಹಾಡುತ್ತೀರಿ, ಪಟ ಹಿಡಿಯುತ್ತೀರಿ, ಅಳುತ್ತಾ ಹೋಗುತ್ತೀರಿ. ಇವಳಿಗೆ ಎರಡು ತಿಂಗಳಿಂದ ಕೆಮ್ಮಿದೆ, ಅದನ್ನು ಯಾರೂ ಕೇಳಲಿಲ್ಲ" ಎಂದರು. ಕೋಪವಿರಲಿಲ್ಲ, ಸುಮ್ಮನೆ ಹೇಳಿದರು. ಆ ಕೆಮ್ಮನ್ನು ನಾನೂ ಕೇಳಿಸಿಕೊಂಡಿದ್ದೆ, ವಿಡಿಯೊದಲ್ಲಿ ಸದ್ದು ಬರುತ್ತದೆಂದು ಅವಳನ್ನು ಒಂದು ಸಾಲು ಹಿಂದಕ್ಕೆ ನಿಲ್ಲಿಸಿದವಳೂ ನಾನೇ.

ಬ್ರದರ್‌ಗೆ ಹೇಳಿದೆ, ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದು. ಅದು ನಮ್ಮ ದರ್ಶನದೊಳಗೆ, ಅಂದರೆ ದೇವರು ನಮಗೆ ಒಪ್ಪಿಸಿದ ಕೆಲಸದೊಳಗೆ, ಬರುವುದಿಲ್ಲ ಎಂದರು. ಅಲ್ಲಿಯೇ ವರ್ಷವಿಡೀ ಕೆಲಸ ಮಾಡುವ ಸಣ್ಣ ಸಭೆಯೊಂದಿತ್ತು. ಅದರ ಪಾಸ್ಟರ್ ಅಮ್ಮ ಮರುವಾರ ಮಗುವನ್ನು ಕಫ ಪರೀಕ್ಷೆಗೆ ಕರೆದುಕೊಂಡು ಹೋದರು. ಫಲಿತಾಂಶ ಬರುವಷ್ಟರಲ್ಲಿ ನಾನು ಊರಿಗೆ ವಾಪಸಾಗಿದ್ದೆ. ನಮ್ಮ ತಂಡ ಬರುವ ವಿಷಯವನ್ನೇ ಆ ಸಭೆಗೆ ಯಾರೂ ತಿಳಿಸಿರಲಿಲ್ಲವಂತೆ. ನಾವು ಹೋದ ಮೇಲೆ ಗಲ್ಲಿಯವರ ಅನುಮಾನಕ್ಕೆ, ಮತಾಂತರದ ಮಾತಿಗೆ ಉತ್ತರ ಹೇಳಬೇಕಾದವರು ಅವರು.

ಹತ್ತನೆಯ ರಾತ್ರಿ ಚಿಕ್ಕಮಗಳೂರಿನ ಹುಡುಗಿಗೆ ವಾಂತಿ ಭೇದಿ ಶುರುವಾಯಿತು. ಮೇ ತಿಂಗಳ ಮುಂಬೈ ಸೆಕೆ, ಬೆವರು ಆರುವುದೇ ಇಲ್ಲ. ಎರಡು ಗಂಟೆಗೆ ಅವಳ ತುಟಿ ಒಣಗಿ ಬಿರಿದಿತ್ತು. ಸುತ್ತ ಕುಳಿತು ಪ್ರಾರ್ಥನೆ ಮಾಡಿ ಎಂದರು, ಮಾಡಿದೆವು. ನಾಲ್ಕು ಗಂಟೆಗೆ ಇಬ್ಬರು ಅವಳನ್ನು ಹೊತ್ತುಕೊಂಡು ಕೆಳಗಿಳಿದು ಆಟೊ ಹಿಡಿದೆವು. ಪಾಲಿಕೆಯ ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಮಾಡಿಸಲು ಆಧಾರ್ ಕೇಳಿದರು. ಅದು ಪೆಟ್ಟಿಗೆಯಲ್ಲಿ. ಮನೆಗೆ ತಿಳಿಸೋಣವೆಂದರೆ ಮೊಬೈಲೂ ಪೆಟ್ಟಿಗೆಯಲ್ಲಿ. ಅಪ್ಪನ ನಂಬರ್ ಬಿಟ್ಟರೆ ನನಗೆ ಬಾಯಿಪಾಠವಿದ್ದ ಇನ್ನೊಂದು ನಂಬರ್ ಇರಲಿಲ್ಲ. ಆಟೊದವರ ಮೊಬೈಲಿನಿಂದ ಅಪ್ಪನಿಗೆ ಕರೆ ಮಾಡಿದೆ. ನರ್ಸ್ ಗೊಣಗುತ್ತಲೇ ಸಲೈನ್ ಹಾಕಿದರು, ಪುಣ್ಯಾತ್ಮರು. ಹಿಂತಿರುಗಿದಾಗ ನಮಗೆ ಸಿಕ್ಕಿದ್ದು ಅವಿಶ್ವಾಸದ ಬಗ್ಗೆ ಒಂದು ಪ್ರಸಂಗ, ಅಂದರೆ ಉಪದೇಶ.

ಅದಾದ ಮೇಲೆ ನಾನು ಖರ್ಚಿನ ಲೆಕ್ಕ ಕೇಳಿದೆ. ಇಪ್ಪತ್ತಾರು ಜನ, 18,500 ರಂತೆ 4,81,000. ಎರಡು ಹೊತ್ತು ಖಿಚಡಿ, ಸ್ಲೀಪರ್ ಟಿಕೆಟ್, ಹಾಲ್ ಬಾಡಿಗೆ, ಉಳಿದದ್ದು ಎಲ್ಲಿ? "ದೇವರ ಕೆಲಸಕ್ಕೆ ಲೆಕ್ಕ ಕೇಳುತ್ತೀಯಾ, ತಂಗೀ?" ಎಂದರು. ಆಗ ಬಾಯಿ ಕಟ್ಟಿತು. ಊರಿಗೆ ಬಂದು ಬೈಬಲಿನ 2 ಕೊರಿಂಥ ಎಂಟನೆಯ ಅಧ್ಯಾಯ ತೆರೆದೆ. ಯೆರೂಸಲೇಮಿನ ಬಡವರಿಗಾಗಿ ಎತ್ತಿದ ಹಣದ ಜೊತೆ ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನು ಪೌಲನು ಕಳುಹಿಸುತ್ತಾನೆ, ಯಾರೂ ತಪ್ಪು ಹೊರಿಸಬಾರದು, ಮನುಷ್ಯರ ಕಣ್ಣಿಗೂ ಸರಿ ಕಾಣಬೇಕು ಎಂದು. ಆ ಬ್ರದರ್ ಆ ಅಧ್ಯಾಯದಿಂದಲೇ ಕಾಣಿಕೆಯ ಪ್ರಸಂಗ ಮಾಡಿದ್ದರು, ಈ ವಚನಗಳ ಹತ್ತಿರ ಹೋಗಿರಲಿಲ್ಲ.

ಹಿಂತಿರುಗುವ ಟಿಕೆಟ್ ಹಣದಲ್ಲೇ ಸೇರಿದೆ ಎಂದಿದ್ದರು. ಸೇರಿತ್ತು, ವೇಟಿಂಗ್ ಲಿಸ್ಟ್‌ನಲ್ಲಿ. ಮೇ ತಿಂಗಳಲ್ಲಿ ಕೊಂಕಣ ರೈಲಿನ ಸ್ಥಿತಿ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಚಾರ್ಟ್ ಆದ ಕೂಡಲೇ ಟಿಕೆಟ್ ತಾನಾಗಿ ರದ್ದಾಯಿತು. ಅಪ್ಪ ಕಳುಹಿಸಿದ ದುಡ್ಡಿನಲ್ಲಿ ಬಸ್ ಹಿಡಿದೆ.

ಹೋಗಲೇಬೇಡಿ ಎಂದು ನಾನು ಹೇಳುವುದಿಲ್ಲ. ನಾನು ಈಗಲೂ ಭಾನುವಾರ ಸಂಡೇ ಸ್ಕೂಲಿನಲ್ಲಿ ಕಲಿಸುತ್ತೇನೆ. ಆದರೆ ಹೆಸರು ಕೊಡುವ ಮೊದಲು ಭಕ್ತಿಯ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಒಣ ಪ್ರಶ್ನೆಗಳನ್ನು ಕೇಳಿ. ಹಣ ಟ್ರಸ್ಟಿನ ಖಾತೆಗೆ ಹೋಗುತ್ತದೆಯೋ, ಯಾರದೋ ಯುಪಿಐಗೋ? ಆದಾಯ ತೆರಿಗೆಯ ರಿಯಾಯಿತಿಗೆ ಬೇಕಾಗುವ 80ಜಿ ರಸೀದಿ ಕೊಡುತ್ತಾರೆಯೇ? ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್ ಆದರೆ ಚಾರಿಟಿ ಕಮಿಷನರ್ ಕಚೇರಿಯ ನೋಂದಣಿ ಸಂಖ್ಯೆ ಇರಲೇಬೇಕು, ಅದನ್ನು ಕೇಳಿ. ನಮ್ಮನ್ನು ಕರೆದವರು ಆ ಊರಿನ ಯಾವ ಸಭೆ, ಅದರ ಪಾಸ್ಟರ್ ಜೊತೆ ನಮ್ಮ ಸಭೆಯ ಅಯ್ಯನವರು ಮಾತನಾಡಿದ್ದಾರೆಯೇ? ಆಧಾರ್ ಪ್ರತಿ ಕೊಡಿ, ಮೂಲ ಕೊಡಬೇಡಿ. ಮೊಬೈಲ್ ಕೊಡಲೇಬೇಡಿ. ತಂದೆತಾಯಿಗಳೇ, ವಾಪಸು ಟಿಕೆಟನ್ನು ನೀವೇ ತೆಗೆಯಿಸಿ, ಖಚಿತವಾದ ಸೀಟು. ಮಕ್ಕಳ ಪಟ ಯಾರು ತೆಗೆಯುತ್ತಾರೆ, ಮನೆಯವರ ಒಪ್ಪಿಗೆ ಇದೆಯೇ, ಆಮೇಲೆ ಅದು ಎಲ್ಲಿ ಹೋಗುತ್ತದೆ ಎಂದೂ ಕೇಳಿ. ಇದಕ್ಕೆ ಯಾರಾದರೂ ಸಿಡುಕಿದರೆ ಅಲ್ಲಿಂದಲೇ ಎದ್ದು ಬನ್ನಿ.

ಬೀಡಿ ಕಟ್ಟುವ ಅಜ್ಜಿ "ಮಕ್ಕಳು ಹೇಗಿದ್ದಾರೆ ಮಗಳೇ?" ಎಂದು ಕೇಳಿದಾಗ ಮೊದಲ ಸಲ ಏನೋ ಹೇಳಿ ತಪ್ಪಿಸಿಕೊಂಡೆ. ಜುಲೈಯಲ್ಲಿ ಹೋಗಿ ಎಲ್ಲವನ್ನೂ ಹೇಳಿ ಐನೂರು ರೂಪಾಯಿ ಮುಂದಿಟ್ಟೆ. ಅವರು ತೆಗೆದುಕೊಳ್ಳಲಿಲ್ಲ. "ಆ ಕೆಮ್ಮಿನ ಮಗುವಿಗೆ ಕಳುಹಿಸು" ಎಂದರು. ಪಾಸ್ಟರ್ ಅಮ್ಮನ ಕೈಗೆ ಮುಟ್ಟಿಸಿದ್ದೇನೆ, ರಸೀದಿ ಬಂತು.

ಈ ವರ್ಷದ ಕರಪತ್ರ ಮೊನ್ನೆ ಫಲಕಕ್ಕೆ ಬಂದಿದೆ. ಮೇಲ್ಭಾಗದ ಚಿತ್ರದಲ್ಲಿ ಹಳದಿ ಚೂಡಿದಾರದ ಹುಡುಗಿ ಒಬ್ಬಳು ಆರು ವರ್ಷದ ಮಗುವನ್ನು ಎತ್ತಿಕೊಂಡು ನಗುತ್ತಿದ್ದಾಳೆ. ತೆಗೆಯಿರಿ ಎಂದು ಎರಡು ಸಲ ಬರೆದೆ, ಉತ್ತರವಿಲ್ಲ. ನಿಮ್ಮ ಸಭೆಯ ಫಲಕದಲ್ಲೂ ಅದು ಕಂಡರೆ, ಆ ಹಳದಿ ಚೂಡಿದಾರದವಳು ನಾನೇ.