ಹಸ್ತಿ ಬಿಸಿಲು ನಂಬಿ ಹೊಳೆಯೊಳಗಿನ ಬಂಡೆಗೆ ಇಳಿಯಬೇಡಿ

ಗಾಳ ಹಿಡಿದು ಕೃಷ್ಣೆಗೆ ಹೋಗುವ ಶಹಾಪುರ, ಸುರಪುರ, ಯಾದಗಿರಿ ಕಡೆಯ ಹುಡುಗರು ಇದನ್ನು ಕೊನೆತನಕ ಓದಬೇಕು. ಭೀಮೆಗೆ ಹೋಗುವ ಕಲಬುರಗಿಯವರೂ ಓದಬೇಕು.

ಹೋದ ವರ್ಷ ಮಹಾನವಮಿ ಮುಗಿದಿತ್ತು, ಸೀಗಿ ಹುಣ್ಣಿಮೆಗೆ ಇನ್ನೂ ಮೂರು ದಿನ ಇತ್ತು. ಹೊಳೆಗೆ ಹೋದವರು ಮೂವರು. ನಾನು, ನಮ್ಮ ಓಣಿಯ ಗೆಳೆಯ, ದಸರಾ ಸೂಟಿಗೆಂದು ಕಲಬುರಗಿಯಿಂದ ಬಂದಿದ್ದ ಅಕ್ಕನ ಮಗ. ಅವನಿಗೆ ಹದಿಮೂರು ವರ್ಷ. ಮೂವರೂ ಜೀವಂತ ವಾಪಸ್ ಬಂದೆವು. ಗೆಳೆಯನ ಎಡಗಾಲಿನಲ್ಲಿ ಇವತ್ತಿಗೂ ರಾಡ್ ಇದೆ.

ಜಾಗದ ಹೆಸರು ಬರೆಯುವುದಿಲ್ಲ. ಬರೆದರೆ ಹುಡುಕಿಕೊಂಡು ಹೋಗುವವರು ಇದ್ದಾರೆ ಎಂಬುದು ನನಗೆ ಗೊತ್ತು, ಯಾಕೆಂದರೆ ನಾನೂ ಹಾಗೆ ಹುಡುಕಿಕೊಂಡು ಹೋದವನೇ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕೆಳಗೆ, ಸುರಪುರ ತಾಲೂಕಿನ ದಂಡೆ ಎಂದಷ್ಟೇ ಹೇಳುತ್ತೇನೆ. ಅಲ್ಲಿ ಕೃಷ್ಣೆ ಮರಳಿನ ಹೊಳೆಯಲ್ಲ, ಕಲ್ಲಿನ ಹೊಳೆ. ಹಾಸುಬಂಡೆ, ಅದರ ನಡುವೆ ಸೀಳು, ಸೀಳಿನಾಚೆ ಆಳವಾದ ಮಡು. ಮಳೆಗಾಲ ಇಳಿದು ನೀರು ತಿಳಿಯಾಗುತ್ತಾ ಬಂದಾಗ ಆ ಮಡುವಿನ ಅಂಚಿನಲ್ಲಿ ಬಾಳೆ ಮೀನು ಬಂದು ನಿಲ್ಲುತ್ತದೆ. ಗಾಳದವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ದಂಡೆಯಲ್ಲೇ ನಿಂತು ಎಸೆದರೆ ಸೀಸದ ಗುಂಡು ಮಡುವಿನತನಕ ಹೋಗುವುದಿಲ್ಲ. ಅದಕ್ಕೇ ಎಲ್ಲರೂ ಒಳಗಿನ ಬಂಡೆಗೆ ನಡೆಯುತ್ತಾರೆ. ನಾವೂ ನಡೆದೆವು. ದಂಡೆಗೂ ಬಂಡೆಗೂ ನಡುವೆ ಒಂದು ಸಣ್ಣ ಕವಲು ಇತ್ತು, ಪಾದ ಮುಳುಗುವಷ್ಟು ನೀರು. ಹುಡುಗ ಚಪ್ಪಲಿ ಕೈಯಲ್ಲಿ ಹಿಡಿದು ನಗುತ್ತಾ ದಾಟಿದ.

ದಂಡೆಯ ಮೇಲೆ ಆಡು ಮೇಯಿಸುತ್ತಿದ್ದ ಆಯಿ ಒಬ್ಬಳು ನಮ್ಮನ್ನು ತಡೆದಿದ್ದಳು.

“ತಮ್ಮಾ, ಒಳಗ ಹೋಗಬ್ಯಾಡ್ರಿ. ನಿನ್ನಿ ಸಂಜಿಮುಂದ ಆಟೋದಾಗ ಮೈಕ್ ಹಾಕ್ಕೊಂಡು ಹೇಳಿ ಹೋಗ್ಯಾರ, ನೀರ ಬಿಡ್ತಾರಂತ.”

“ಆತು ಆಯಿ, ಬರೇ ಎರಡು ತಾಸು ಕುಂತು ಬಂದ್ಬಿಡ್ತೀವಿ” ಅಂದೆ ನಾನು.

ಹೇಳಬೇಕಾದವರು ಹೇಳಿದ್ದರು, ಕೇಳಿಸಿಕೊಂಡವಳು ನಮಗೆ ಮುಟ್ಟಿಸಿದ್ದಳು. ತಪ್ಪು ಪೂರ್ತಿ ನನ್ನದು. ನಾನು ಆಕಾಶ ನೋಡಿದೆ. ಹಸ್ತಿ ಮಳೆ ಆ ವರ್ಷ ನಮ್ಮ ಕಡೆ ಸರಿಯಾಗಿ ಬಿದ್ದಿರಲಿಲ್ಲ. ಒಂದು ತುಣುಕು ಮೋಡವೂ ಇಲ್ಲ. ತೊಗರಿ ಹೂ ಬಿಡುತ್ತಿತ್ತು, ಕಾಲುವೆ ಕಡೆ ಭತ್ತ ತೆನೆ ಹಿಡಿದಿತ್ತು, ಬಿಸಿಲು ಬೆನ್ನು ಸುಡುತ್ತಿತ್ತು. ಮಳೆ ಎಲ್ಲಿದೆ ಹೊಳೆ ಬರಲಿಕ್ಕೆ ಎಂದುಕೊಂಡೆ.

ಇದೇ ಲೆಕ್ಕ ತಪ್ಪು. ಇದು ನನಗೆ ಅರ್ಥವಾದದ್ದು ಆಮೇಲೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಒಂದೊಂದಾಗಿ ಕೇಳಿ ತಿಳಿದುಕೊಂಡಾಗ. ನಮ್ಮ ಕೃಷ್ಣೆಗೆ ನೀರು ಬರುವುದು ನಮ್ಮ ಮಳೆಯಿಂದಲ್ಲ. ಮಹಾಬಳೇಶ್ವರದ ಘಟ್ಟದಲ್ಲಿ, ಕೊಯ್ನಾದ ಕಾಡಿನಲ್ಲಿ ಬಿದ್ದ ಮಳೆ ಆಲಮಟ್ಟಿಗೆ ಬರುತ್ತದೆ, ಅಲ್ಲಿಂದ ನಾರಾಯಣಪುರಕ್ಕೆ. ಜೂನ್‌ನಲ್ಲಿ ಆಲಮಟ್ಟಿ ಹೆಚ್ಚುಕಡಿಮೆ ಖಾಲಿ ಇರುತ್ತದೆ. ಎಷ್ಟು ನೀರು ಬಂದರೂ ಅದರ 123 ಟಿಎಂಸಿ ಹೊಟ್ಟೆ ನುಂಗಿಕೊಳ್ಳುತ್ತದೆ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು). ಮಹಾನವಮಿ ಹೊತ್ತಿಗೆ ಸಾಮಾನ್ಯವಾಗಿ ಆಲಮಟ್ಟಿಯೂ ತುಂಬಿರುತ್ತದೆ, ನಾರಾಯಣಪುರವೂ ತುಂಬಿರುತ್ತದೆ. ತುಂಬಿದ ಕೊಡಕ್ಕೆ ಇನ್ನೊಂದು ತಂಬಿಗೆ ಸುರಿದರೆ ಆ ತಂಬಿಗೆಯಷ್ಟು ನೀರು ಹೊರಗೆ ಬರಲೇಬೇಕು. ಮೇಲೆ ಒಂದು ಜೋರು ಮಳೆಯಾದರೆ ಸಾಕು, ಇಲ್ಲಿ ಗೇಟ್ ತೆಗೆಯುತ್ತಾರೆ. ಬಸವಸಾಗರ ದೊಡ್ಡದೂ ಅಲ್ಲ, ಸುಮಾರು 33 ಟಿಎಂಸಿ. ಒಂದು ಲಕ್ಷ ಕ್ಯೂಸೆಕ್ ಒಂದೇ ಸಮನೆ ಒಂದು ದಿನ ಹರಿದರೆ ಎಂಟೂವರೆ ಟಿಎಂಸಿಗಿಂತ ಹೆಚ್ಚಾಗುತ್ತದೆ. ಅಂದರೆ ಖಾಲಿ ಇದ್ದರೂ ನಾಲ್ಕು ದಿನಕ್ಕೆ ತುಂಬಿಹೋಗುವ ಡ್ಯಾಮು ಅದು. ತುಂಬಿದ ಮೇಲೆ ಅದಕ್ಕೆ ತಡೆದು ಹಿಡಿಯಲು ಜಾಗ ಎಲ್ಲಿ? ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗಿಂತ ತುಸು ಜಾಸ್ತಿ. ಪತ್ರಿಕೆಯಲ್ಲಿ ‘ಐವತ್ತು ಸಾವಿರ ಕ್ಯೂಸೆಕ್’ ಎಂದು ಓದಿ ಪುಟ ತಿರುವುತ್ತಿದ್ದ ನಾನು, ಅದು ಸೆಕೆಂಡಿಗೆ 14 ಲಕ್ಷ ಲೀಟರ್ ಎಂದು ಒಂದು ಸಲವೂ ಗುಣಿಸಿ ನೋಡಿರಲಿಲ್ಲ.

ಆಷಾಢ, ಶ್ರಾವಣದಲ್ಲಿ ಕೆಂಪು ನೀರು ನೋಡಿ ನಾವೇ ಹೆದರಿ ದೂರ ಇರುತ್ತೇವೆ. ಅಪಾಯ ಇರುವುದು ನೀರು ತಿಳಿಯಾಗಿ, ಬಿಸಿಲು ಬಿದ್ದು, ಹೊಳೆ ಸುಮ್ಮನಾಯಿತು ಎಂದು ಅನಿಸುವ ಈ ತಿಂಗಳಿನಲ್ಲಿ. ಭೀಮೆಯ ಕಥೆಯೂ ಬೇರೆ ಅಲ್ಲ. 2020ರಲ್ಲಿ ಭೀಮೆ ಕಲಬುರಗಿ, ಯಾದಗಿರಿ ಜಿಲ್ಲೆಯ ಹಳ್ಳಿಗಳನ್ನು ಮುಳುಗಿಸಿದ್ದು ಅಕ್ಟೋಬರ್‌ನಲ್ಲಿ.

ಬಂಡೆಯ ಮೇಲೆ ನಾವು ಕೂತದ್ದು ಒಂಬತ್ತೂವರೆಗೆ. ಮೂರು ಕೋಲು, ಕೋಳಿ ಕರುಳು, ಎರೆಹುಳ, ರೊಟ್ಟಿ, ಶೇಂಗಾ ಹಿಂಡಿ. ಹತ್ತೂವರೆತನಕ ಬೆಂಡು ಅಲುಗಲಿಲ್ಲ. ಹನ್ನೊಂದರ ಸುಮಾರಿಗೆ ಮೀನು ಕಚ್ಚಲು ಶುರುವಾಯಿತು. ಅದೂ ಎಂಥ ಕಚ್ಚು! ಗೆಳೆಯನಿಗೆ ಮೊಳದುದ್ದದ ಬಾಳೆ ಸಿಕ್ಕಿತು. ಅದನ್ನು ಬಿಡಿಸುವಷ್ಟರಲ್ಲಿ ಹುಡುಗನ ಕೋಲು ಬಾಗಿತು. ಅವನ ಮುಖದಲ್ಲಿದ್ದ ಖುಷಿ ನೋಡಿ ನನಗೆ ಬೇರೆ ಏನೂ ಕಾಣಲಿಲ್ಲ. ನೀರು ಏರಲು ತೊಡಗಿದಾಗ ಹುಳಹುಪ್ಪಟೆ ಕೊಚ್ಚಿ ಬರುತ್ತವೆ, ಮೀನು ತಿನ್ನಲು ಅಂಚಿಗೆ ಬರುತ್ತದೆ ಎಂದು ಅಂಬಿಗರು ಆಮೇಲೆ ಹೇಳಿದರು. ನಾನು ಅದೃಷ್ಟ ಎಂದುಕೊಂಡಿದ್ದೆ. ಮಂದಗತಿಯಲ್ಲಿದ್ದ ಮಡು ಒಮ್ಮೆಲೇ ಕೈತುಂಬ ಕೊಡಲು ನಿಂತರೆ, ಕೋಲು ಬಿಟ್ಟು ಹಿಂದೆ ತಿರುಗಿ ನೋಡಿ.

ಹಿಂದೆ ಎಂದೆ, ಅದನ್ನು ಬಿಡಿಸಿ ಹೇಳಬೇಕು. ನಮ್ಮ ಕಣ್ಣು ಇದ್ದದ್ದು ಮುಂದೆ, ಮಡುವಿನ ಕಡೆ. ಅಲ್ಲಿ ನೀರು ಅಗಲವಾಗಿದೆ, ಒಂದು ಗೇಣು ಏರಿದರೂ ತಿಳಿಯುವುದಿಲ್ಲ. ಬಂಡೆಯೂ ಎತ್ತರದಲ್ಲಿದೆ, ಕೂತ ಜಾಗ ಒದ್ದೆಯಾಗುವುದಿಲ್ಲ. ಆದರೆ ದಂಡೆಗೂ ನಮಗೂ ನಡುವಿನ ಆ ಸಣ್ಣ ಕವಲು ಎಲ್ಲಕ್ಕಿಂತ ತಗ್ಗಿನಲ್ಲಿತ್ತು. ಹೊಳೆ ಮೊದಲು ತುಂಬುವುದೇ ಅದನ್ನು. ಅಲೆ ಹಾರಿ ಬರುತ್ತದೆ, ಭೋರ್ಗರೆತ ಕೇಳುತ್ತದೆ, ಆಗ ಓಡಿದರಾಯಿತು ಎಂದುಕೊಂಡವರು ಬಹಳ. ಅಂಥದ್ದೇನೂ ಬರಲಿಲ್ಲ. ಮೊದಲು ನೊರೆ ಬಂತು, ಆಮೇಲೆ ಒಣ ಎಲೆ, ಕಬ್ಬಿನ ರವದಿ, ಒಂದು ಪ್ಲಾಸ್ಟಿಕ್ ಬಾಟಲಿ. ತಿಳಿ ನೀರು ಚಹಾದ ಬಣ್ಣಕ್ಕೆ ತಿರುಗಿತು. ಹುಡುಗನೇ ಹೇಳಿದ್ದು: “ಮಾಮಾ, ನನ್ನ ಚಪ್ಪಲಿ ಎಲ್ಲಿ?”

ಅವನು ಚಪ್ಪಲಿ ಇಟ್ಟಿದ್ದ ಕಲ್ಲೇ ಇರಲಿಲ್ಲ. ಎದ್ದು ನೋಡಿದರೆ ಪಾದ ಮುಳುಗುತ್ತಿದ್ದ ಕವಲು ತೊಡೆಮಟ್ಟ ಆಗಿ ಸೆಳೆದುಕೊಂಡು ಓಡುತ್ತಿತ್ತು.

ಅಲ್ಲಿಂದ ನಾವು ಮಾಡಿದ್ದು ಎರಡನೆಯ ತಪ್ಪು. ಇನ್ನೂ ತೊಡೆಮಟ್ಟ ಅಲ್ಲವೇ, ಬೇಗ ದಾಟಿಬಿಡೋಣ ಎಂದು ಗೆಳೆಯ ಮೊದಲು ಇಳಿದ. ಅವನು ಈಜು ಬಲ್ಲವನು, ಕಾಲುವೆಯಲ್ಲಿ ಬೆಳೆದವನು. ಓಡುವ ನೀರು ಮೊಣಕಾಲಿಗೆ ಬಂದರೆ ಗಟ್ಟಿ ಆಳೂ ನಿಲ್ಲುವುದು ಕಷ್ಟ. ಕೆಳಗೆ ಪಾಚಿ ಹಿಡಿದ ಕಲ್ಲು. ನಾಲ್ಕನೆಯ ಹೆಜ್ಜೆಗೆ ಅವನ ಎಡಪಾದ ಎರಡು ಕಲ್ಲಿನ ಸಂದಿಗೆ ಇಳಿದು ಸಿಕ್ಕಿಕೊಂಡಿತು. ಪಾದ ಅಲ್ಲೇ ಉಳಿಯಿತು, ಮೈಯನ್ನು ನೀರು ಮುಂದಕ್ಕೆ ದಬ್ಬಿತು. ಎಲುಬು ಮುರಿದ ಸಪ್ಪಳ ನನಗೆ ಕೇಳಿಸಲಿಲ್ಲ, ನೀರಿನ ಸದ್ದು ಅಷ್ಟಿತ್ತು. ಅವನ ಬಾಯಿ ತೆರೆದದ್ದು ಮಾತ್ರ ಕಂಡಿತು. ಈಜು ಬರುತ್ತದೆ ಎಂಬ ಧೈರ್ಯ ಇಂಥ ಕಡೆ ಯಾವ ಉಪಯೋಗಕ್ಕೂ ಬರುವುದಿಲ್ಲ, ಯಾಕೆಂದರೆ ಈಜಲು ಬಿಡುವುದೇ ಇಲ್ಲ, ಕಾಲು ಹಿಡಿದುಬಿಡುತ್ತದೆ.

ನಾನು ಬಂಡೆಯ ಮೇಲೆ ಬೋರಲು ಮಲಗಿ ಹೆಗಲ ಮೇಲಿನ ವಲ್ಲಿ ಎಸೆದೆ. ಹುಡುಗ ನನ್ನ ಎರಡೂ ಕಾಲು ಹಿಡಿದು ಕೂತ. ವಲ್ಲಿ ಗೆಳೆಯನ ಕೈಗೆ ಸಿಕ್ಕಿದ್ದು ಮೂರನೆಯ ಸಲಕ್ಕೆ. ಎಷ್ಟು ಹೊತ್ತು ಎಳೆದೆನೋ ನೆನಪಿಲ್ಲ. ಮೇಲೆ ಬಂದಾಗ ಅವನ ಕಾಲು ಮೊಣಕಾಲಿನ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ನೈಲಾನ್ ದಾರ ಅವನ ತೊಡೆಗೆ ಸುತ್ತಿ ಚರ್ಮ ಕೊಯ್ದಿತ್ತು. ಗಾಳದ ದಾರ ಬಿಟ್ಟುಕೊಂಡೇ ನೀರಿಗೆ ಇಳಿದಿದ್ದ, ಅದನ್ನು ಕತ್ತರಿಸಲು ನಮ್ಮ ಹತ್ತಿರ ಒಂದು ಬ್ಲೇಡೂ ಇರಲಿಲ್ಲ. ಹಲ್ಲಿನಿಂದ ಕಡಿದೆ.

ಮೊಬೈಲಿನಲ್ಲಿ ಒಂದು ಕಡ್ಡಿ ನೆಟ್‌ವರ್ಕ್. 112ಕ್ಕೆ ಎರಡನೆಯ ಸಲಕ್ಕೆ ಫೋನ್ ಹತ್ತಿತು. ಜಾಗ ಎಲ್ಲಿ ಎಂದು ಕೇಳಿದರು. ನನಗೆ ಹೇಳಲು ಬರಲಿಲ್ಲ. ಊರ ಹೆಸರು ಗೊತ್ತು, ಹೊಳೆ ಗೊತ್ತು, ಆದರೆ ಆ ದಾರಿಗೆ ಹೆಸರಿಲ್ಲ, ನಾವು ಹೊಲದೊಳಗಿನ ಬಂಡಿದಾರಿ ಹಿಡಿದು ಬಂದಿದ್ದೆವು. ಲೊಕೇಶನ್ ಕಳಿಸುವಷ್ಟು ಇಂಟರ್ನೆಟ್ ಇಲ್ಲ. ಅವರು ಗಾಬರಿಯಾಗಬೇಡಿ ಎಂದು ತಾಳ್ಮೆಯಿಂದ ಒಂದೊಂದೇ ಗುರುತು ಕೇಳಿಕೊಂಡರು. ಅದಕ್ಕೇ ಕೆಲವು ನಿಮಿಷ ಹೋಯಿತು. ಆ ಹೊತ್ತಿಗೆ ನೀರು ಅರ್ಧ ತಾಸಿಗೆ ಒಂದು ಮೊಳದಂತೆ ಏರುತ್ತಿತ್ತು. ನಮ್ಮ ಬಂಡೆ ಮಂಚದಷ್ಟು ಉಳಿದಿತ್ತು. ಹುಡುಗ ಅಳಲಿಲ್ಲ. “ಮಾಮಾ, ಅವ್ವಗ ಫೋನ್ ಮಾಡಬ್ಯಾಡ” ಎಂದಷ್ಟೇ ಅಂದ. ಆ ಮಾತು ಈಗಲೂ ನಡುರಾತ್ರಿ ನನ್ನನ್ನು ಎಬ್ಬಿಸುತ್ತದೆ.

ನಮ್ಮನ್ನು ಉಳಿಸಿದ್ದು ಆ ಆಡಿನ ಆಯಿ. ನಾವು ಒಳಗೆ ಹೋದಾಗಿನಿಂದ ಅವಳು ದಂಡೆ ಬಿಟ್ಟು ಹೋಗಿರಲಿಲ್ಲ. ನೀರಿನ ಬಣ್ಣ ತಿರುಗಿದ್ದು ಕಂಡ ಕೂಡಲೇ ಕೂಗಿದ್ದಳಂತೆ, ನಮಗೆ ಕೇಳಿಸಿಲ್ಲ. ಆಡು ಅಲ್ಲೇ ಬಿಟ್ಟು ಊರಿಗೆ ನಡೆದು ಅಂಬಿಗರನ್ನು ಕರೆತಂದಳು. ಅರವತ್ತು ದಾಟಿದ ಕಾಕಾ ಒಬ್ಬರು ಮಗನ ಜೊತೆ ಹರಗೋಲು ತಲೆಯ ಮೇಲೆ ಹೊತ್ತುಕೊಂಡು ಬಂದರು. ನಮ್ಮ ಎದುರಿಗೆ ಅವರು ನೀರಿಗೆ ಇಳಿಯಲಿಲ್ಲ. ದಂಡೆಯಗುಂಟ ಮೇಲಕ್ಕೆ ಬಹಳ ದೂರ ನಡೆದುಹೋದರು. ನಾನು ನಮ್ಮನ್ನು ಬಿಟ್ಟು ಹೋದರು ಎಂದೇ ತಿಳಿದೆ. ಅಲ್ಲಿ ಇಳಿಸಿ, ಸೆಳೆತಕ್ಕೆ ಓರೆಯಾಗಿ ಬಿಟ್ಟುಕೊಂಡು, ಒಂದೇ ಹುಟ್ಟಿನಿಂದ ತಿರುಗಿಸುತ್ತಾ ಸರಿಯಾಗಿ ನಮ್ಮ ಬಂಡೆಗೆ ತಂದು ಮುಟ್ಟಿಸಿದರು. ಬಿದಿರಿನ ಚೌಕಟ್ಟಿಗೆ ಡಾಂಬರು ಬಳಿದ ಚೀಲ ಹೊಚ್ಚಿದ ಹರಗೋಲು ಅದು. ಮೊದಲು ಹುಡುಗ ಮತ್ತು ಗೆಳೆಯ. ನಾನು ಎರಡನೆಯ ಸರತಿಗೆ. ನಡುವೆ ಬಂಡೆಯ ಮೇಲೆ ಒಬ್ಬನೇ ನಿಂತಿದ್ದ ಹೊತ್ತಿನ ಬಗ್ಗೆ ಬರೆಯಲು ಆಗುವುದಿಲ್ಲ.

ದಂಡೆಗೆ ಬಂದು ಜೇಬಿನಲ್ಲಿದ್ದಷ್ಟು ದುಡ್ಡು ಕೊಡಲು ಹೋದೆ. ಕಾಕಾ ಕೈ ಸರಿಸಿದರು. “ಈ ಹೊಳಿ ನಮಗ ಅನ್ನ ಕೊಟ್ಟದ, ರೊಕ್ಕ ಬ್ಯಾಡ. ಆದ್ರ ಆ ಪಾರನ್ನ ಯಾಕ ತಂದಿದ್ದಿ?” ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೊಳೆಯ ಜನಕ್ಕೆ ನೀರಿನ ಭಯ ಇಲ್ಲ ಎಂದು ನಾವು ಪೇಟೆಯವರು ತಿಳಿದಿರುತ್ತೇವೆ. ಕೃಷ್ಣೆಯ ನಡುಗಡ್ಡೆ ನೀಲಕಂಠರಾಯನಗಡ್ಡಿಯಿಂದ 2013ರಲ್ಲಿ ತುಂಬು ಗರ್ಭಿಣಿಯೊಬ್ಬರು ಒಣ ಸೋರೆಕಾಯಿ ಕಟ್ಟಿಕೊಂಡು ಪ್ರವಾಹದಲ್ಲಿ ಈಜಿ ದಾಟಿದ್ದನ್ನು ಸಾಹಸ ಎಂದು ಹೇಳುತ್ತೇವೆ. ಅವರು ದಾಟಿದ್ದು ಬೇರೆ ದಾರಿ ಇಲ್ಲದ್ದಕ್ಕೆ, ಹೆರಿಗೆಗೆ ಆಸ್ಪತ್ರೆ ಮುಟ್ಟಬೇಕಿತ್ತು ಎಂಬುದಕ್ಕೆ. ನಾವು ಇಳಿದದ್ದು ಒಂದು ಸಾರಿನ ಮೀನಿಗೆ.

ಇನ್ನೊಂದು ಮಾತು ನನ್ನನ್ನು ಹೆಚ್ಚು ಕಲಕಿದ್ದು. ಅವತ್ತು ಬಂದದ್ದು ಪ್ರವಾಹವೇ ಅಲ್ಲ. ಕೊಳ್ಳೂರಿನ ಸೇತುವೆ ಮುಳುಗಲಿಲ್ಲ, ಯಾವ ಊರಿಗೂ ನೀರು ಬರಲಿಲ್ಲ, ಮರುದಿನ ಪತ್ರಿಕೆಯಲ್ಲಿ ಒಂದು ಸಾಲೂ ಇರಲಿಲ್ಲ. ಹೊಳೆಗೆ ಅದು ಸಾಮಾನ್ಯ ದಿನ. ಸೇತುವೆ ಮುಳುಗಿಸುವ ನೀರೇ ಆಗಬೇಕಿಲ್ಲ, ಮನುಷ್ಯನ ತೊಡೆ ಮುಟ್ಟುವ ನೀರು ಸಾಕು.

ಗಾಳ ಬಿಡಿ ಎಂದು ನಾನು ಹೇಳುತ್ತಿಲ್ಲ. ನಾನೂ ಪೂರ್ತಿ ಬಿಟ್ಟಿಲ್ಲ, ಈಗ ಕೆರೆಗೆ ಹೋಗುತ್ತೇನೆ. ಹೊಳೆಗೆ ಹೋಗಲೇಬೇಕು ಎನ್ನುವವರು ದಂಡೆಯ ಮಣ್ಣಿನ ಮೇಲೆ ನಿಂತೇ ಎಸೆಯಿರಿ, ಅದೂ ನೀರಿನಂಚಿನಿಂದ ಹಿಂದೆ ಸರಿದು. ಕೃಷ್ಣೆಯಲ್ಲಿ ಮೊಸಳೆ ಇವೆ ಎಂಬುದು ಅಂಚಿಗೆ ಹೋಗದಿರಲು ಇನ್ನೊಂದು ಕಾರಣ. ನೀರಿನಂಚಿಗೆ ಗುರುತಿನ ಕಲ್ಲು ಇಟ್ಟು ಆಗಾಗ ನೋಡಿದರಾಯಿತು ಎಂದು ಕೆಲವರು ನನಗೆ ಹೇಳಿದರು. ದಂಡೆಯಲ್ಲಿದ್ದರೆ ಅದು ಸರಿ. ಬಂಡೆಯ ಮೇಲಿದ್ದರೆ ಕಲ್ಲು ಮುಳುಗುವ ಹೊತ್ತಿಗೆ ಹಿಂದಿನ ಕವಲು ತುಂಬಿರುತ್ತದೆ, ಆ ಕಲ್ಲು ನಿಮಗೆ ಹೇಳುವುದು ತಡವಾದ ಸುದ್ದಿ. ಜೇಬಿನಲ್ಲಿ ದಾರ ಕತ್ತರಿಸಲು ಚಾಕು ಇರಲಿ. ಹೊರಡುವ ಮೊದಲು ಯಾವ ಊರು, ಯಾವ ಹೊಲದ ದಾರಿ ಎಂದು ಮನೆಯವರಿಗೆ ಬರೆದು ಕೊಡಿ. ಅಕಸ್ಮಾತ್ ಸಿಕ್ಕಿಬಿದ್ದರೆ ಬಂಡೆ ಇನ್ನೂ ಮೇಲೆ ಇರುವತನಕ ಬಂಡೆಯ ಮೇಲೇ ನಿಂತು ಕೂಗಿ. ಓಡುವ ನೀರಿಗೆ ಕಾಲು ಇಡಬೇಡಿ. ಗೆಳೆಯ ಬಂಡೆಯ ಮೇಲೇ ನಿಂತಿದ್ದರೆ ಅವನ ಕಾಲು ಉಳಿಯುತ್ತಿತ್ತು.

ಈಗ ಅವನು ಕುಂಟುತ್ತಾ ನಡೆಯುತ್ತಾನೆ, ಎರಡು ಎಕರೆ ಹತ್ತಿ ಹೋದ ವರ್ಷ ಆಳು ಹಚ್ಚಿ ಬಿಡಿಸಬೇಕಾಯಿತು. ಒಂದು ದಿನವೂ ನನಗೆ ಒಂದು ಮಾತು ಅಂದಿಲ್ಲ. ಅಕ್ಕ ಅಂದಳು, ಅನ್ನಬೇಕಾದದ್ದೇ.

ಈ ಭಾನುವಾರ ಹೊರಟವರು ಇದ್ದರೆ ಮುಂಜಾನೆಯ ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡಿ. ನಾರಾಯಣಪುರದ್ದು 492.25 ಮೀಟರ್ ಪೂರ್ತಿ ಮಟ್ಟ, ಆಲಮಟ್ಟಿಯದ್ದು 519.60. ಅದರ ಹತ್ತಿರ ಇದ್ದರೆ ಕೋಲು ಮನೆಯಲ್ಲೇ ಇಡಿ. ತಿಳಿಯದಿದ್ದರೆ ಜಿಲ್ಲೆಯ 1077ಕ್ಕೆ ಫೋನ್ ಮಾಡಿ, ನೀರು ಬಿಡುತ್ತಾರಾ ಎಂದು ಕೇಳಿ. ದಂಡೆಯಲ್ಲಿ ಆಡು ಕಾಯುವವರು ಸಿಕ್ಕರೆ ಅವರನ್ನೂ ಕೇಳಿ.