ಮರಿಗೆ ಲಸಿಕೆ ಹಾಕಿಸಿ ತಕ್ಷಣ ಮನೆಗೆ ಹೊರಡಬೇಡಿ

ದಾವಣಗೆರೆಯಲ್ಲಿ ನಾಯಿಮರಿ ಸಾಕುತ್ತಿರುವವರು ದಯವಿಟ್ಟು ಓದಿ. ಹೋದ ತಿಂಗಳು ನಮ್ಮ ಗುಂಡ ಸ್ವಲ್ಪದರಲ್ಲಿ ಉಳಿದ. ಡ್ಯಾಶೌಂಡ್ ಮರಿ, ಮೂರು ತಿಂಗಳು ತುಂಬಿತ್ತು, ತೂಕ ಮೂರು ಕೆಜಿ ಚಿಲ್ಲರೆ.

ಭಾನುವಾರ ಬೆಳಗ್ಗೆ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಪಾರ್ವೊ, ಡಿಸ್ಟೆಂಪರ್, ಲೆಪ್ಟೊ ಅಂತ ನಾಯಿಗಳಿಗೆ ಬರುವ ರೋಗಗಳಿಗೆ ಎಲ್ಲ ಸೇರಿದ ಒಂದೇ ಇಂಜೆಕ್ಷನ್ ಇತ್ತು. ರೇಬೀಸ್‌ಗೆ ಇನ್ನೊಂದು ದಿನ ಬನ್ನಿ ಅಂದರು. "ಮತ್ತೆ ರಜೆ ಸಿಗಲ್ಲ ಸಾರ್, ಎರಡೂ ಇವತ್ತೇ ಹಾಕಿಬಿಡಿ" ಅಂದವನು ನಾನೇ. ಹಾಕಿದರು, ದುಡ್ಡು ತಗೊಂಡರು, ಮುಂದಿನವರನ್ನು ಕರೆದರು. ಸ್ವಲ್ಪ ಹೊತ್ತು ಕೂತಿರಿ ಅಂತ ಒಬ್ಬರೂ ಹೇಳಲಿಲ್ಲ.

ದಾರಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಳ್ಳೋಣ ಅಂತ ಗಾಡಿ ನಿಲ್ಲಿಸಿದೆ. ಅಂಗಡಿ ಅಜ್ಜಿ ಬುಟ್ಟಿಯೊಳಗೆ ಇಣುಕಿ, "ಜೇನು ಕಡದೈತೇನೋ ತಮ್ಮಾ ನಾಯಿಗೆ?" ಅಂದಳು. ನೋಡಿದರೆ ಮೂತಿ ಬನ್ನಿನ ಹಾಗೆ ಊದಿತ್ತು, ಕಣ್ಣು ಸಣ್ಣ ಗೀಟು. ಇಂಜೆಕ್ಷನ್ ಹಾಕಿಸಿ ಇಪ್ಪತ್ತು ನಿಮಿಷ ಆಗಿರಬಹುದು ಅಷ್ಟೆ. ಎತ್ತಿಕೊಳ್ಳುವಷ್ಟರಲ್ಲಿ ನನ್ನ ಅಂಗಿ ಮೇಲೇ ವಾಂತಿ ಮಾಡಿದ. ತುಟಿ ಎತ್ತಿದೆ. ಗುಲಾಬಿ ಬಣ್ಣ ಇರುತ್ತಿದ್ದ ಒಸಡು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು.

ವಾಪಸ್ ಓಡಿದರೆ ಕ್ಲಿನಿಕ್ ಶಟರ್ ಎಳೆದಿತ್ತು. ಫೋನ್ ಎತ್ತಲಿಲ್ಲ. ಪಕ್ಕದಲ್ಲಿದ್ದವರೊಬ್ಬರು ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಕೊಡಿ ಅಂದರು. ಪುಣ್ಯಕ್ಕೆ ಕೊಡಲಿಲ್ಲ. ನಮ್ಮ ಮಾತ್ರೆಗಳು ನಾಯಿಗೆ ವಿಷವಾಗಬಹುದು, ಅದಕ್ಕಿಂತ ಹೆಚ್ಚಾಗಿ ಲಸಿಕೆಯಿಂದ ಆದ ಇಂಥ ಅಲರ್ಜಿಗೆ ಅದು ಮದ್ದೇ ಅಲ್ಲ.

ವಿದ್ಯಾನಗರದ ಕಡೆ ಇನ್ನೊಬ್ಬ ಡಾಕ್ಟರ್ ಸಿಕ್ಕರು. ಅವರ ಮೊದಲ ಪ್ರಶ್ನೆ, "ಯಾವ ಲಸಿಕೆ, ಎಷ್ಟು ಹೊತ್ತಾಯ್ತು?" ಲಸಿಕೆ ಪುಸ್ತಕ ಗಾಡಿ ಡಿಕ್ಕಿಯಲ್ಲೇ ಇತ್ತು, ಅದರಲ್ಲಿ ಬಾಟಲಿಯ ಸ್ಟಿಕರ್ ಅಂಟಿಸಿದ್ದರು. ಆ ಕ್ಲಿನಿಕ್ ಮಾಡಿದ ಒಂದೇ ಒಳ್ಳೆ ಕೆಲಸ ಅದು. ಅಡ್ರಿನಲಿನ್ ಕೊಟ್ಟರು, ಅಲರ್ಜಿ ಇಂಜೆಕ್ಷನ್ ಕೊಟ್ಟರು, ಡ್ರಿಪ್ ಏರಿಸಿದರು. ಗುಂಡ ಬಾಲ ಆಡಿಸಿದ್ದು ಸಂಜೆಗೆ.

ಆಮೇಲೆ ಅವರು ನಿಧಾನಕ್ಕೆ ಬಿಡಿಸಿ ಹೇಳಿದರು. ಲಸಿಕೆ ಹಾಕಿದ ದಿನ ಮರಿ ಸುಮ್ನೆ ಮಲಗಿರೋದು, ಊಟ ಕಡಿಮೆ ಮಾಡೋದು, ಚುಚ್ಚಿದ ಜಾಗ ಸಣ್ಣಗೆ ಗಂಟಾಗೋದು ಮಾಮೂಲಿ. ಮುಖ ಊದುವುದು, ಮೈಯೆಲ್ಲ ದದ್ದು, ಮತ್ತೆ ಮತ್ತೆ ವಾಂತಿ ಭೇದಿ, ಒಸಡು ಬಿಳಿಚುವುದು ಮಾಮೂಲಿ ಅಲ್ಲ. ಹೆಚ್ಚಾಗಿ ಮೊದಲ ಒಂದು ಗಂಟೆಯಲ್ಲೇ ಕಾಣುತ್ತದೆ, ಕೆಲವಕ್ಕೆ ಕೆಲವು ಗಂಟೆ ಬಿಟ್ಟೂ ಬರಬಹುದು. ಚಿಕ್ಕ ಜಾತಿಯ ಮರಿಗೆ ಒಂದೇ ದಿನ ಜಾಸ್ತಿ ಲಸಿಕೆ ಚುಚ್ಚಿಸಿದಷ್ಟೂ ಈ ಅಪಾಯ ಜಾಸ್ತಿಯಂತೆ. ಹೊರದೇಶದಲ್ಲಿ ಫೆರೆಟ್ ಅಂತ ಮುಂಗುಸಿಯಂಥ ಪ್ರಾಣಿ ಸಾಕುತ್ತಾರಲ್ಲ, ಅದಕ್ಕೂ ಈ ಕಾಟ ಇದೆಯಂತೆ. ಅದಕ್ಕೇ ಅಲ್ಲಿ ಲಸಿಕೆ ಹಾಕಿಸಿದವರನ್ನು ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂರಿಸುತ್ತಾರಂತೆ. ನಮ್ಮಲ್ಲಿ ನಾವೇ ಕೂರಬೇಕು.

ಹಾಗಂತ ಲಸಿಕೆ ಬಿಡಬೇಡಿ. ಪಾರ್ವೊ ಬಂದರೆ ಮರಿ ಉಳಿಯೋದು ಕಷ್ಟ, ರೇಬೀಸ್ ಬಂದರೆ ಉಳಿಯೋದೇ ಇಲ್ಲ. ಭಾನುವಾರ ಬೇಡ, ಕ್ಲಿನಿಕ್ ಮುಚ್ಚುವ ಹೊತ್ತಿಗಂತೂ ಬೇಡವೇ ಬೇಡ. ಒಮ್ಮೆ ಹೀಗಾಗಿದ್ದರೆ ಪುಸ್ತಕದ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆಸಿ.

ಮೊನ್ನೆ ಮುಂದಿನ ಡೋಸ್ ಇತ್ತು. ಮೊದಲು ಅಲರ್ಜಿ ಔಷಧಿ ಕೊಟ್ಟು, ಒಂದೇ ಇಂಜೆಕ್ಷನ್ ಹಾಕಿದರು. ಬೆಂಚಿನ ಮೇಲೆ ಕೂತು ಐದೈದು ನಿಮಿಷಕ್ಕೊಮ್ಮೆ ಗುಂಡನ ತುಟಿ ಎತ್ತಿ ನೋಡುತ್ತಿದ್ದೆ. ಮುಕ್ಕಾಲು ಗಂಟೆ ಆದ ಮೇಲೆ ಕಾಂಪೌಂಡರ್ ನಗುತ್ತಾ ಕೇಳಿದ, "ಇನ್ನೂ ಹೋಗ್ಲಿಲ್ವಾ ಸಾರ್?"