ಸೆಕೆಂಡ್ ಹ್ಯಾಂಡ್ ಸೆಡಾನ್ ನೋಡೋಕೆ ಹೋಗೋರು ಸೀಟಲ್ಲಿ ಕೂರೋ ಮುಂಚೆ ಮ್ಯಾಟ್ ಎತ್ತಿ

ಹೋದ ವಾರ ಶಿರಸಿ ಪೇಟೇಲಿ ಪರಿಚಯದವ ಒಬ್ಬ ಸಿಕ್ಕಿ, ಹುಬ್ಬಳ್ಳೀಲಿ ಒಂದು ಸೆಡಾನ್ ನೋಡಿ ಬಂದೆ ಮಾರಾಯ, ಸಿಂಗಲ್ ಓನರ್, ಸೀಟೆಲ್ಲ ಹೊಸದು, ಒಳಗೆ ಕೂತ್ರೆ ಏಳೋ ಮನಸ್ಸೇ ಬರೋದಿಲ್ಲ ಅಂದ. ನನ್ನ ಹೊಟ್ಟೆ ತೊಳಸಿದ ಹಾಗಾಯ್ತು. ನಂಗೆ ಗಾಡಿ ಮಾರಿದವ ಹೇಳಿದ್ದೂ ಇದೇ ಮಾತು. ಅವನನ್ನ ಅಲ್ಲೇ ಚಾ ಅಂಗಡಿಲಿ ಕೂರಿಸಿ ಹೇಳಿದ್ದನ್ನ ಇಲ್ಲೂ ಬರೀತಿದೀನಿ. ಉದ್ದ ಆಗ್ತದೆ, ಗಾಡಿ ತಗೊಳ್ಳೋ ಅಂದಾಜಲ್ಲಿ ಇರೋರು ಪುರಸೊತ್ತು ಮಾಡ್ಕೊಂಡು ಓದಿ.

ಮನೇಲಿ ನಾವು ಐದು ಜನ. ನಾನು, ಹೆಂಡತಿ, ಇಬ್ಬರು ಮಕ್ಕಳು, ಆಯಿ ಅಂದ್ರೆ ನನ್ನ ಅಮ್ಮ. ಮನೆ ಶಿರಸಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಒಳಗೆ. ಮೊದಲಿದ್ದ ಸಣ್ಣ ಕಾರಲ್ಲಿ ಆಯಿಗೆ ಕಾಲು ಚಾಚೋಕೇ ಆಗ್ತಿರಲಿಲ್ಲ, ಎರಡೂ ಮಂಡಿ ಸವೆದು ಹೋಗಿದೆ, ಕುಮಟಾದಲ್ಲಿರೋ ಅಕ್ಕನ ಮನೆಗೆ ಹೋಗಿ ಇಳಿಯೋವಾಗ ಇಬ್ಬರು ಹಿಡಿದು ಎಬ್ಬಿಸಬೇಕಿತ್ತು. ಹಂಗಂತ ಎತ್ತರದ ಗಾಡಿ ತಗೊಳ್ಳೋಣ ಅಂದ್ರೆ ಭಾವನ ಹತ್ರ ಒಂದಿದೆ, ಅದಕ್ಕೆ ಹತ್ತೋದೇ ಆಯಿಗೆ ದೊಡ್ಡ ಕೆಲಸ, ಮಗಳಿಗೆ ಅದರಲ್ಲಿ ದೇವಿಮನೆ ಘಟ್ಟ ಇಳಿಯೋದ್ರೊಳಗೆ ಎರಡು ಸಲ ವಾಂತಿ ಗ್ಯಾರಂಟಿ. ಸೆಡಾನ್ ಆದ್ರೆ ನೆಲಕ್ಕೆ ತಗ್ಗು, ತಿರುವಲ್ಲಿ ಅಷ್ಟು ಓಲಾಡೋದಿಲ್ಲ, ಹಿಂದೆ ಕಾಲಿಗೆ ಜಾಗ, ಡಿಕ್ಕಿ ಬೇರೆ ದೊಡ್ಡದು. ಹೊಸದಕ್ಕೆ ದುಡ್ಡಿಲ್ಲ, ಆ ವರ್ಷ ಕೊಳೆ ರೋಗಕ್ಕೆ ಅಡಿಕೆನೂ ಅರ್ಧ ಹೋಗಿತ್ತು. ಹಳೇದೇ ನೋಡೋಣ ಅಂತ ಆಯ್ತು.

ಆಗ ನಾನು ಓದಿದ್ದೇ ಓದಿದ್ದು. ಗ್ರೌಂಡ್ ಕ್ಲಿಯರೆನ್ಸ್ ಅಂದ್ರೆ ನೆಲಕ್ಕೂ ಗಾಡಿ ತಳಕ್ಕೂ ನಡುವಿನ ಜಾಗ ಹೋಂಡಾ ಸಿಟಿ ಕಾರಿಗೆ 165 ಮಿಲಿಮೀಟರ್, ಮಾರುತಿ ಸಿಯಾಜ್‌ಗೆ 170, ಸ್ಕೋಡಾ ಸ್ಲಾವಿಯಾಗೆ 179, ಸಿಯಾಜ್ ಡಿಕ್ಕಿ 510 ಲೀಟರ್, ಎಲ್ಲಾ ಬಾಯಿಪಾಠ. (ಕ್ಲಿಯರೆನ್ಸ್ ಲೆಕ್ಕ ಖಾಲಿ ಗಾಡಿದು ಮಾರಾಯ್ರೆ. ಐದು ಜನ ಕೂತು, ಡಿಕ್ಕಿಗೆ ಎರಡು ಚೀಲ ಹಾಕಿದ ಮೇಲೆ ಎಷ್ಟು ಉಳೀತದೆ ಅನ್ನೋದು ನಮ್ಮನೆ ಗೇಟಿನ ದಣಪೆ ಹತ್ರ ಇರೋ ಕಲ್ಲಿಗೇ ಗೊತ್ತು.) ಇಷ್ಟೆಲ್ಲ ಓದಿದವನು ಗಾಡಿ ಮುಂದೆ ನಿಂತಾಗ ಬಗ್ಗಿ ನೋಡಲಿಲ್ಲ, ಅದೇ ಆಗಿದ್ದು.

2024ರ ಫೆಬ್ರವರಿ. ಮಾರ್ಚಲ್ಲಿ ಮಾರಿ ಜಾತ್ರೆ, ಅಷ್ಟರೊಳಗೆ ಗಾಡಿ ಮನೆಗೆ ಬರಬೇಕು ಅಂತ ಮಕ್ಕಳ ಗಲಾಟೆ. ಘಟ್ಟದ ಮೇಲಿನ ಒಂದು ಊರಲ್ಲಿ ಹಳೇ ಕಾರು ಮಾರೋ ಕಡೆ ಹೋದ್ವಿ, ಅಂಗಡಿ ಹೆಸರು ಬೇಡ. ಗಾಡಿ 2018ರ ನವೆಂಬರಿನದ್ದು, ಪೆಟ್ರೋಲ್ ಆಟೋಮ್ಯಾಟಿಕ್, ಬೆಂಗಳೂರಿನ ಕೆಎ 53 ನಂಬರ್, 41 ಸಾವಿರ ಕಿಲೋಮೀಟರ್. ಯಾವ ಕಂಪನಿ ಅಂತಾನೂ ಹೇಳೋದಿಲ್ಲ, ಇದರಲ್ಲಿ ಕಂಪನಿ ತಪ್ಪು ಏನೂ ಇಲ್ಲ. ಬೇರೆ ಕಡೆ ಇಂಥದ್ದಕ್ಕೆ 8 ಲಕ್ಷದ ಮೇಲೆ ಹೇಳ್ತಿದ್ರು, ಇವ 7 ಲಕ್ಷ 40 ಸಾವಿರಕ್ಕೆ ಬಂದ. ಒಳಗೆ ದಪ್ಪ ಸ್ಪಂಜಿನ ಹೊಸ ಸೀಟ್ ಕವರ್, ಅಂಚಿಂದ ಅಂಚಿಗೆ ಮುಚ್ಚೋ 7ಡಿ ಮ್ಯಾಟ್, ಮಲ್ಲಿಗೆ ಸೆಂಟು. "ಎಲ್ಲಾ ನಮ್ಮ ಕಡೆಯಿಂದ ಫ್ರೀ ಸರ್, ಫ್ಯಾಮಿಲಿ ಅಂತ ಹಾಕಿಸಿದ್ದು" ಅಂದ. ಆಯಿ ಹಿಂದೆ ಕೂತು ಕಾಲು ಚಾಚಿ, ಬೆನ್ನಿಗೆ ಒರಗಿ, ಕಣ್ಣು ಮುಚ್ಚಿ ತೆಗೆದು "ಅಡ್ಡಿಲ್ಲೆ ತಮಾ" ಅಂದ್ಲು. ಅಲ್ಲಿಗೆ ವ್ಯಾಪಾರ ಮುಗೀತು. ಟೆಸ್ಟ್ ಡ್ರೈವ್ ಅಂತ ಬೈಪಾಸಲ್ಲಿ ಐದಾರು ಕಿಲೋಮೀಟರ್ ಓಡಿಸಿದೆ, ನುಣುಪು ರಸ್ತೆ, ಬಿಸಿಲು, ಬೆಣ್ಣೆ ಹಂಗೆ ಹೋಯ್ತು.

ಜಾತ್ರೆ ಆಯ್ತು, ಏಪ್ರಿಲ್ ಮೇ ಮದುವೆ ಮುಂಜಿ ಎಲ್ಲಾ ಓಡಾಡಿದ್ವಿ, ಒಂದು ದೂರು ಇಲ್ಲ. ಮಗಳಿಗೆ ವಾಂತಿನೂ ಇಲ್ಲ.

ಜೂನ್ ಎರಡನೇ ವಾರಕ್ಕೆ ಮಳೆ ಹಿಡಿದ ಮೇಲೆ ವಾಸನೆ ಶುರುವಾಯ್ತು. ಬೆಳಿಗ್ಗೆ ಬಾಗಿಲು ತೆಗೆದ್ರೆ ಮುಗ್ಗಲು ವಾಸನೆ. ನಾನು ತಲೆ ಕೆಡಿಸ್ಕೊಳ್ಳಲಿಲ್ಲ, ನಮ್ಮಲ್ಲಿ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಬರ್ತದೆ, ಕಾರು ಯಾವ ಲೆಕ್ಕ. ಹೆಂಡತಿ ಒಂದು ಬಟ್ಟಲಲ್ಲಿ ಕಾಫಿ ಪುಡಿ ಇಟ್ಲು, ಆಮೇಲೆ ಕರ್ಪೂರ, ಆಮೇಲೆ ಇದ್ದಿಲು. ಆಯಿ ಮಾತ್ರ ಒಂದು ದಿನ ಕೂತವಳೇ ಮೂಗು ಹಿಡಿದು "ತಮಾ, ಇದು ಬೂಸ್ಟಿನ ವಾಸನೆ ಅಲ್ದೋ, ಬಾವಿ ಹೂಳು ತೆಗೆಯಕಾರೆ ಬತ್ತಲಾ, ಆ ವಾಸನೆ" ಅಂದ್ಲು. ನಾವೆಲ್ಲ ನಕ್ಕು ಬಿಟ್ವಿ. ನಕ್ಕಿದ್ದಕ್ಕೆ ಈಗ್ಲೂ ಮನೇಲಿ ಬೈಸ್ಕೊಳ್ತಾ ಇದೀನಿ.

ಜೂನ್ ಕೊನೇಲಿ ಅಕ್ಕನ ಮನೆಯಿಂದ ವಾಪಸ್ ಬರ್ತಾ ಇದ್ವಿ, ಸಂಜೆ ಏಳರ ಮೇಲಾಗಿತ್ತು, ಜೋರು ಮಳೆ. ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತೋಕೆ ಶುರು ಮಾಡಿದ್ದಷ್ಟೇ, ಏರ್‌ಬ್ಯಾಗ್ ಲೈಟು ಹತ್ಕೊಂಡಿತು. ಇರಲಿ ಮನೆಗೆ ಹೋಗಿ ನೋಡಿದ್ರಾಯ್ತು ಅಂತ ಮುಂದೆ ಹೋದೆ. ಎರಡು ತಿರುವು ಆದ ಮೇಲೆ ಸ್ಟೇರಿಂಗ್ ಚಿತ್ರ ಇರೋ ಲೈಟೂ ಬಂತು, ಬಂದ ಕೂಡ್ಲೆ ಸ್ಟೇರಿಂಗ್ ಕಲ್ಲಾಯ್ತು. ಆಯ್ತು ಅಂದ್ರೆ ನಿಜವಾಗ್ಲೂ ಕಲ್ಲು, ಪವರ್ ಹೋದ ಮೇಲೆ ಅಷ್ಟು ದೊಡ್ಡ ಗಾಡಿನ ನಿಧಾನಕ್ಕೆ ಹೋಗೋವಾಗ ತಿರುಗಿಸೋದು ಅಂದ್ರೆ ಹಳೇ ಎತ್ತಿನ ಗಾಣ ತಿರುಗಿಸಿದ ಹಂಗೆ, ಎದುರಿಗೆ ಹೇರ್‌ಪಿನ್, ರಸ್ತೆ ಅಗಲ ಮಾಡೋಕೆ ಅಂತ ಒಂದು ಬದಿ ಗುಡ್ಡ ಕಡಿದಿಟ್ಟಿದ್ದು, ಮೇಲಿಂದ ಲೋಡಾದ ಲಾರಿ ಇಳೀತಾ ಇದೆ. ಎರಡೂ ಕೈ ಹಾಕಿ ಎಳೆದು, ಅರ್ಧ ತಿರುಗಿ, ಮಣ್ಣಿನ ಬದಿಗೆ ಹೋಗಿ ನಿಂತ್ವಿ. ಹಿಂದಿನಿಂದ ಒಂದು ಸದ್ದಿಲ್ಲ. ತಿರುಗಿ ನೋಡಿದ್ರೆ ಆಯಿ ಮೊಮ್ಮಗಳನ್ನ ತಬ್ಬಿ ಹಿಡ್ಕೊಂಡು ದೇವಿಮನೆ ದೇವಿಗೆ ಹರಕೆ ಹೇಳ್ತಾ ಇದ್ಲು.

ಆ ಲಾರಿಯವನೇ ನಿಲ್ಲಿಸಿ ಇಳಿದು ಬಂದು ಟಾಯರಿಗೆ ಎರಡು ಕಲ್ಲು ಕೊಟ್ಟ, ಮೇಲೆ ಹೋಗೋ ಬಸ್ಸಿಗೆ ಕೈ ಮಾಡಿ ನಮ್ಮನ್ನ ಹತ್ತಿಸಿದ. ಅವನ ಹೆಸರೂ ಕೇಳಲಿಲ್ಲ. ಅದಾಗಿ ಮೂರು ವಾರಕ್ಕೆ, ಜುಲೈ 16ಕ್ಕೆ ಅಂಕೋಲಾ ಹತ್ರ ಶಿರೂರಲ್ಲಿ ಗುಡ್ಡ ಕುಸಿದ ಸುದ್ದಿ ಬಂದಾಗ ನಾವು ನಿಂತಿದ್ದ ಜಾಗ ಕಣ್ಣಿಗೆ ಬಂದು ನಂಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಗಾಡಿನ ಶಿರಸಿಗೆ ಎಳೆಸಿ ತಂದು ನಮ್ಮ ಹಳೇ ಗ್ಯಾರೇಜಿಗೆ ಬಿಟ್ಟೆ. ಮೇಸ್ತ್ರಿ ಗಾಡಿ ದೋಷ ಓದೋ ಸ್ಕ್ಯಾನರ್ ಹಾಕೋ ಮುಂಚೆನೇ ಡ್ರೈವರ್ ಸೀಟ್ ಬೆಲ್ಟನ್ನ ಹಿಡಿದು ಪೂರ್ತಿ ಎಳೆದ. ನಾವ್ಯಾರೂ ಯಾವತ್ತೂ ಕೊನೆವರೆಗೆ ಎಳೆಯೋದಿಲ್ಲ ನೋಡಿ, ಒಳಗೆ ಸುತ್ಕೊಂಡಿರೋ ಕೊನೇ ಎರಡು ಗೇಣು ಪಟ್ಟಿ ಬೇರೆ ಬಣ್ಣ, ನಡುವೆ ಗೆರೆ ಎಳೆದ ಹಂಗೆ ಕಲೆ. "ಈಜು ಕಲಿತ ಗಾಡಿ ಹೆಗಡೇರೆ" ಅಂದ. ಆಮೇಲೆ ಮ್ಯಾಟ್ ಕಿತ್ತ, ಅದರ ಕೆಳಗಿನ ಕಾರ್ಪೆಟ್ ಎತ್ತಿದ, ಕೆಳಗಿನ ಫೋಮ್ ಹಿಂಡಿದ್ರೆ ನೀರು. ಸೀಟಿನ ಕಂಬಿಗೆ ತುಕ್ಕು, ಸೀಟ್ ಅಡಿ ಏರ್‌ಬ್ಯಾಗಿನ ವೈರ್ ಜೋಡಿಸೋ ಹಳದಿ ಕನೆಕ್ಟರ್ ಬಿಚ್ಚಿದ್ರೆ ಪಿನ್ನೆಲ್ಲ ಹಸಿರು ಕಿಲುಬು, ಸ್ಟೇರಿಂಗ್ ಮೋಟರಿಗೆ ಹೋಗೋದೂ ಅದೇ ಕಥೆ. ಕೊನೇಲಿ ಸ್ಟೆಪ್ನಿ ತೆಗೆಸಿದ. ಅದರ ಗುಂಡೀಲಿ, ಬೋಲ್ಟಿನ ಸಂದೀಲಿ, ನುಣ್ಣಗೆ ಒಣಗಿದ ಮಣ್ಣು. ನಮ್ಮ ಕಡೆ ಮಣ್ಣು ಎಲ್ಲಿ ಮೆತ್ತಿದ್ರೂ ಕೆಂಪು. ಇದು ಬೂದಿ ಬಣ್ಣ. ಉಗುರಲ್ಲಿ ಕೆರೆದು ಸ್ವಲ್ಪ ನೀರು ಹಾಕಿ ಮೂಸಿದೆ, ಆಯಿ ಹೇಳಿದ್ದೇ ವಾಸನೆ.

ಆಮೇಲೆ ಕಂಪನಿ ಸರ್ವೀಸ್ ಸೆಂಟರಿಗೆ ಹೋಗಿ ಚಾಸಿಸ್ ನಂಬರ್ ಕೊಟ್ಟು ಹಳೇ ದಾಖಲೆ ತೆಗೆಸಿದೆ, ಇದನ್ನ ದುಡ್ಡು ಕೊಡೋ ಮುಂಚೆ ಮಾಡಬೇಕಿತ್ತು, ಅರ್ಧ ಗಂಟೆ ಕೆಲಸ. 2022ರ ಸೆಪ್ಟೆಂಬರಲ್ಲಿ ಬೆಂಗಳೂರಲ್ಲಿ ಟೋ ಮಾಡಿ ತಂದಿದ್ದು, ಸೀಟ್ ಮಟ್ಟದವರೆಗೆ ನೀರು, ಇನ್ಶೂರೆನ್ಸ್ ಕ್ಲೇಮಲ್ಲಿ ರಿಪೇರಿ. ನೆನಪಿದೆಯಲ್ಲ, ಬೆಳ್ಳಂದೂರು, ಔಟರ್ ರಿಂಗ್ ರೋಡ್ ಎಲ್ಲ ಮುಳುಗಿ ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಮೇಲೆ ಆಫೀಸಿಗೆ ಹೋಗಿದ್ದು ಟಿವಿಲಿ ಬಂತಲ್ಲ, ಆ ಮಳೆ. ನಾವು ಮನೇಲಿ ಕೂತು ಅದನ್ನ ನೋಡಿ ಅಯ್ಯೋ ಪಾಪ ಅಂದಿದ್ವಿ. ರಿಪೇರಿ ಖರ್ಚು ಗಾಡಿಯ ವಿಮೆ ಬೆಲೆ ಅಂದ್ರೆ ಐಡಿವಿಯ 75 ಪರ್ಸೆಂಟ್ ದಾಟಿದ್ರೆ ಟೋಟಲ್ ಲಾಸ್, ಅಂದ್ರೆ ಗಾಡಿ ಪೂರ್ತಿ ಹೋಯ್ತು ಅಂತ ಮಾಡ್ತಾರೆ, ಇದು ಅದರೊಳಗೇ ಮುಗಿದದ್ದು, ಹಾಗಾಗಿ ಒಣಗಿಸಿ ಒರೆಸಿ ರಸ್ತೆಗೆ ಬಂದಿದೆ. ಬೇಸಿಗೇಲಿ ಇಂಥ ಗಾಡಿ ಚೆನ್ನಾಗೇ ಓಡ್ತದೆ. ನೀರು ಹೊಕ್ಕ ದಿನ ಕೆಡೋದಕ್ಕಿಂತ, ಪಿನ್ನಲ್ಲಿ ಉಳಿದ ಕೊಳೆ ನಿಧಾನಕ್ಕೆ ಕಿಲುಬಾಗಿ ಕೆಡಿಸೋದೇ ಜಾಸ್ತಿ, ಅದಕ್ಕೆ ನಮ್ಮ ಶಿರಸಿ ಮಳೆಗಾಲದ ಥಂಡಿ ಸಿಕ್ಕಿದ್ರೆ ಕೇಳೋದೇ ಬೇಡ.

ಎಲ್ಲಕ್ಕಿಂತ ಸಿಟ್ಟು ಬಂದಿದ್ದು ನನ್ನ ಮೇಲೇ, ಯಾಕಂದ್ರೆ ಸುಳಿವು ನನ್ನ ಕೈಲೇ ಇತ್ತು. ಮಾರೋವಾಗ ಕೊಟ್ಟ ಇನ್ಶೂರೆನ್ಸ್ ಪಾಲಿಸಿಲಿ ನೋ ಕ್ಲೇಮ್ ಬೋನಸ್ 20 ಪರ್ಸೆಂಟ್ ಅಂತ ಇತ್ತು. ಕ್ಲೇಮ್ ಮಾಡದೆ ಇದ್ರೆ ಪ್ರೀಮಿಯಮ್ಮಲ್ಲಿ ಕೊಡೋ ಈ ರಿಯಾಯಿತಿ ವರ್ಷ ವರ್ಷ 20, 25, 35, 45, 50 ಅಂತ ಏರ್ತಾ ಹೋಗ್ತದೆ. ಒಬ್ಬನೇ ಓನರ್ ಹತ್ರ ಐದು ವರ್ಷ ಇದ್ದ ಗಾಡಿಗೆ 50 ಇರಬೇಕಿತ್ತು. 20 ಇದೆ ಅಂದ್ರೆ ನಡುವೆ ಎಲ್ಲೋ ಕ್ಲೇಮ್ ಆಗಿ ಸೊನ್ನೆಯಿಂದ ಮತ್ತೆ ಶುರು ಆಗಿದೆ. ಆ ಹಾಳೇನ ನಾನು ಎರಡು ಸಲ ಓದಿದೀನಿ, ಕೊನೇ ತಾರೀಕು ಒಂದೇ ನೋಡಿದ್ದು. (ಓನರ್ ಬದಲಾದ್ರೂ ಸೊನ್ನೆ ಆಗ್ತದೆ, ಬೋನಸ್ ಮನುಷ್ಯಂದು, ಗಾಡಿದಲ್ಲ. ಹಾಗಾಗಿ ಕಮ್ಮಿ ಇದ್ದ ಕೂಡ್ಲೆ ನೀರಿನ ಗಾಡಿ ಅಂತ ಅಲ್ಲ, ಯಾಕೆ ಕಮ್ಮಿ ಅಂತ ಕೇಳಿ ಅಷ್ಟೇ.)

ಮಾರಿದವನಿಗೆ ಫೋನ್ ಮಾಡಿದ್ರೆ ಮೊದಲು "ನೋಡೋಣ ಸರ್, ಗಾಡಿ ತಗೊಂಡು ಬನ್ನಿ" ಅಂದ, ದಾಖಲೆ ಕಳಿಸಿದ ಮೇಲೆ "ನೀವೇ ಓಡಿಸಿ ನೋಡಿ ತಗೊಂಡಿದ್ದಲ್ವಾ, ಇದ್ದ ಸ್ಥಿತಿಯಲ್ಲಿ ಅಂತ ಸಹಿ ಹಾಕಿದೀರಿ" ಅಂದ, ಆಮೇಲೆ ಫೋನೇ ಎತ್ತಲಿಲ್ಲ. ವೈರಿಂಗ್, ಸ್ಟೇರಿಂಗ್, ಏರ್‌ಬ್ಯಾಗ್ ಎಲ್ಲ ಸೇರಿ ಇಲ್ಲಿವರೆಗೆ 1 ಲಕ್ಷ 35 ಸಾವಿರ ಆಗಿದೆ. ಇನ್ಶೂರೆನ್ಸಿನವರು ಹಳೇ ನೀರಿಗೆ ನಾವು ಕೊಡೋದಿಲ್ಲ ಅಂದ್ರು, ಅವರ ತಪ್ಪೂ ಅಲ್ಲ.

ಈಗ ಯಾರಾದ್ರೂ ಗಾಡಿ ನೋಡೋಕೆ ಕರೆದ್ರೆ ನಾನು ಒಳಗೆ ಕೂರೋದು ಕೊನೇಗೆ. ಮೊದಲು ಎಲ್ಲಾ ಬಾಗಿಲೂ ಗ್ಲಾಸು ಮುಚ್ಚಿ ಬಿಸಿಲಲ್ಲಿ ಹತ್ತು ನಿಮಿಷ ಬಿಟ್ಟು ತೆಗೆದು ಮೂಸ್ತೀನಿ, ಸೆಂಟು ಹೊಡೆದಿದ್ರೆ ಸೆಂಟಿನ ಹಿಂದೆ ಏನಿದೆ ಅಂತ ಮೂಸ್ತೀನಿ. ಐದೂ ಬೆಲ್ಟ್ ಕೊನೆವರೆಗೆ ಎಳೆಯೋದು, ಸೀಟ್ ಹಿಂದೆ ತಳ್ಳಿ ಕಂಬಿಗೆ ಟಾರ್ಚ್ ಹಾಕೋದು, ಸ್ಟೆಪ್ನಿ ಎತ್ತಿಸೋದು, ಹೆಡ್‌ಲೈಟ್ ಒಳಗೆ ನೀರಿನ ಗೆರೆ ಇದೆಯಾ ನೋಡೋದು. ಫ್ರೀ ಅಂತ ಹಾಕಿದ ಸೀಟ್ ಕವರ್ ಇದ್ರೆ ಒಂದು ಮೂಲೆ ಬಿಚ್ಚಿ ತೋರಿಸು ಅಂತೀನಿ, ಮುಖ ಗಂಟು ಹಾಕಿದ್ರೆ ಅಲ್ಲಿಗೇ ವಾಪಸ್. ಸ್ಕ್ಯಾನರಲ್ಲಿ ಏನೂ ಬರಲಿಲ್ಲ ಅಂತ ಸಮಾಧಾನ ಮಾಡ್ಕೋಬೇಡಿ, ಗಾಡಿ ನೆನಪಲ್ಲಿರೋ ದೋಷದ ಕೋಡ್ ಅಳಿಸೋಕೆ ಎರಡು ನಿಮಿಷ ಸಾಕು, ನಲವತ್ತು ಐವತ್ತು ಕಿಲೋಮೀಟರ್ ಓಡಿಸಿ ಮತ್ತೆ ಹಾಕಿಸಿ. ಓಡಿಸೋವಾಗ ಮನೆಯವರೆಲ್ಲ ಕೂತಿರಲಿ, ಬೈಪಾಸ್ ಬಿಟ್ಟು ಗುಂಡಿ ಇರೋ ರಸ್ತೆಗೆ ಕರ್ಕೊಂಡು ಹೋಗಿ. ಗಾಡಿ ಸರಿ ಇದ್ದು ತಗೊಂಡ್ರೆ ಇನ್ಶೂರೆನ್ಸಲ್ಲಿ ಎಂಜಿನ್ ಪ್ರೊಟೆಕ್ಟ್ ಸೇರಿಸಿ, ಸಾದಾ ಪಾಲಿಸಿಲಿ ಎಂಜಿನ್ ಒಳಗೆ ನೀರು ಹೋದ್ರೆ ಸಾಮಾನ್ಯವಾಗಿ ಕೊಡೋದಿಲ್ಲ, ನಮ್ಮ ಊರಲ್ಲಿ ಹಳ್ಳ ಉಕ್ಕೋಕೆ ಒಂದು ರಾತ್ರಿ ಸಾಕು.

ನಾನು ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹಾಕಿದೀನಿ. 2019ರ ಕಾಯ್ದೆ ಬಂದ ಮೇಲೆ ಮಾರಿದವ ಯಾವ ಊರವನೇ ಆಗಿರಲಿ, ನಾವಿರೋ ಜಿಲ್ಲೇಲೇ ಹಾಕಬಹುದು, ಎರಡು ವರ್ಷದೊಳಗೆ ಹಾಕಬೇಕು, ನನ್ನ ಮೊತ್ತಕ್ಕೆ ಫೀಸು 200 ರೂಪಾಯಿ. ಕೇಸು ನಡೀತಾ ಇದೆ. ಗಾಡಿ ಅಂಗಳದ ಮೂಲೇಲಿ ಅಡಿಕೆ ಸೋಗೆ ಚಪ್ಪರದ ಕೆಳಗೆ ನಿಂತಿದೆ, ಮಾರೋದಾದ್ರೆ ಎಲ್ಲಾ ಹೇಳೇ ಮಾರಬೇಕು, ಹೇಳಿದ್ರೆ ಮೂರೂವರೆ ಲಕ್ಷದ ಮೇಲೆ ಯಾರೂ ಕೇಳ್ತಾ ಇಲ್ಲ.

ಮೊದಲು ಹೇಳಿದ್ನಲ್ಲ, ಆ ಪರಿಚಯದವ, ನಾಡಿದ್ದು ಮತ್ತೊಂದು ಸಲ ಆ ಸೆಡಾನ್ ನೋಡೋಕೆ ಹೋಗ್ತಾನಂತೆ, ನೀನೂ ಬಾ ಅಂದ. ಮನೇಲಿ ಹೇಳಿದೆ. ಆಯಿ ಕೋಲು ಹುಡುಕ್ತಾ ಇದ್ದಾಳೆ, ತಾನೂ ಬರ್ತಾಳಂತೆ, ಮೂಸಿ ನೋಡೋಕೆ.